ಜಕಾತಿ

ಜಕಾತಿ (ನಾ.): ಸರಕಿನ ಮೇಲಿನ ಸುಂಕ. ಮೂಲ ಅರಬ್ಬಿಯ ‘ಜಕಾತ್’. ಶುದ್ಧಿ, ವೃದ್ಧಿ ಎರಡೂ ಅದರ ಅರ್ಥ. ಧರ್ಮ ವಿಧಿಸಿದ ಕಡ್ಡಾಯ ಕೊಡುಗೆಯ ಈ ಹೆಸರು ಪಾರಸಿಯ ಆಡಳಿತ ಭಾಷೆಯ ದಾರಿಯಲ್ಲಿ ಸುಂಕವಾಗಿ ಕನ್ನಡಕ್ಕೆ ಬಂತು. ಕರ್ನಾಟಕದಲ್ಲಿ ಜಕಾತಿ 1979ರಲ್ಲೇ ರದ್ದಾಯಿತು.

ಸಾಗರ, ಹೊಸನಗರ, ತೀರ್ಥಹಳ್ಳಿಯ ಮುಸ್ಲಿಂ ಮನೆಗಳಲ್ಲಿ ಮೂಲಾರ್ಥ ಇಂದಿಗೂ ಬಳಕೆಯಲ್ಲಿದೆ. ಸಂಪತ್ತು ದೇವರದು, ಮನುಷ್ಯ ಅದರ ಪಾಲಕ ಎಂಬುದು ತಿರುಳು. ಅಡಿಕೆ ವ್ಯಾಪಾರಿಯಾದರೆ ಗೋದಾಮಿನ ಮೂಟೆಗಳಿಗೂ ಬೆಲೆ ಕಟ್ಟಿ, ಕೊಡಬೇಕಾದ ಸಾಲ ಕಳೆದು, ವರ್ಷ ತುಂಬಿದ ಉಳಿಕೆಯಲ್ಲಿ ಶೇ 2.5 ತೆಗೆದಿಡಬೇಕು: ಲಕ್ಷಕ್ಕೆ 2,500 ರೂಪಾಯಿ. ಕುರ್‌ಆನ್ ಗುರುತಿಸುವ ಎಂಟು ಬಗೆಯ ಹಕ್ಕುದಾರರಲ್ಲಿ ಬಡವರು, ಸಾಲಗಾರರು, ದಾರಿಹೋಕರೂ ಇದ್ದಾರೆ. ಕೊಟ್ಟವನು ಉಪಕಾರ ಮಾಡಿದೆನೆಂದು ಬೀಗುವಂತಿಲ್ಲ. ಅದು ಅವರದೇ ಪಾಲು.