ಗಬ್ಬರ್ ಬೆಟ್ಟದ ಹಳೇ ನಿವಾಸಿ (ಭಾಗ 3)

ಕಗ್ಗದಾಸಪುರದಿಂದ ಬೆಳಗಿನ ಜಾವ ಬೈಕ್ ಹತ್ತಿ ರಾಮನಗರಕ್ಕೆ ಹೋಗ್ತೀರಲ್ಲ, ರಾಮದೇವರ ಬೆಟ್ಟದಲ್ಲಿ 'ಶೋಲೆ' ರೀಲ್ ಮಾಡೋಕೆ? ಒಂದ್ ನಿಮಿಷ ತಲೆ ಎತ್ತಿ ಬಂಡೆ ನೋಡಿ. ಆ ಸಂದಿಗಳು ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟೋ ಜಾಗ.

'ಶೋಲೆ' ಬಂದ 1975ರಲ್ಲಿ ದೇಶದಲ್ಲಿ ರಣಹದ್ದುಗಳಿಗೆ ಬರ ಇರಲಿಲ್ಲ. 1992ರಿಂದ 2007ರ ಹೊತ್ತಿಗೆ ಈ ಜಾತಿಯಲ್ಲಿ ಶೇ. 95ಕ್ಕೂ ಹೆಚ್ಚು ಮಾಯ. ಯಾರೂ ಗುಂಡು ಹೊಡೀಲಿಲ್ಲ. ಕೊಂದಿದ್ದು ದನಗಳಿಗೆ ಕೊಡ್ತಿದ್ದ ನೋವಿನ ಔಷಧಿ, ಡೈಕ್ಲೋಫೆನಾಕ್. ಔಷಧಿ ಮೈಯಲ್ಲಿದ್ದಾಗಲೇ ದನ ಸತ್ತರೆ, ಅದನ್ನ ತಿಂದ ಹದ್ದಿನ ಕಿಡ್ನಿ ಕೆಟ್ಟು ಅದೂ ಸಾಯ್ತಿತ್ತು. ಈ ಕಾರಣ ಬಯಲಾಗಿದ್ದು 2004ರಲ್ಲಿ. 2006ರಲ್ಲಿ ದನಗಳಿಗೆ ಆ ಔಷಧಿ ಕೊಡೋದನ್ನ ಸರ್ಕಾರ ನಿಷೇಧಿಸಿತು. 2012ರಲ್ಲಿ ಈ ಬೆಟ್ಟ ದೇಶದ ಮೊದಲ ರಣಹದ್ದು ಧಾಮ ಆಯ್ತು.

ಆದ್ರೆ ಬೋರ್ಡ್ ಹಾಕಿದ ಮಾತ್ರಕ್ಕೆ ಹಕ್ಕಿ ಹೆಚ್ಚಲ್ಲ. ಒಂದು ಜೋಡಿ ವರ್ಷಕ್ಕೆ ಇಡೋದು ಒಂದೇ ಮೊಟ್ಟೆ. ಅದು ಹೋದ್ರೆ ಆ ವರ್ಷದ ಮರಿಯೇ ಇಲ್ಲ. ಅದಕ್ಕೇ ಡ್ರೋನ್ ಬೇಡ, ಗಬ್ಬರ್ ಡೈಲಾಗ್ ಕಿರುಚೋದೂ ಬೇಡ. ದೂರದಿಂದ ಬೈನಾಕ್ಯುಲರ್ ಸಾಕು.

ಊರಲ್ಲಿ ದನ ಸಾಕಿರೋ ಅಜ್ಜಿ-ತಾತ ಇದ್ರೆ ಇವತ್ತೇ ಫೋನ್ ಮಾಡಿ ಹೇಳಿ: ಹಸುವಿಗೆ ಡೈಕ್ಲೋಫೆನಾಕ್ ಬೇಡ, ಡಾಕ್ಟರ್ ಹತ್ರ ಮೆಲಾಕ್ಸಿಕಾಮ್ ಕೇಳಿ. ರೀಲ್‌ಗಿಂತ ಆ ಒಂದು ಕಾಲ್ ದೊಡ್ಡದು.