ಸಾಲ್ಸಾ ಬಟ್ಟಲಿನಲ್ಲಿ ಎರಡು ಲೋಕ

ಹಣ್ಣಾದ ಟೊಮೆಟೊ, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಇಷ್ಟನ್ನೂ ಸಣ್ಣಗೆ ಹೆಚ್ಚಿ, ಉಪ್ಪು ಬೆರೆಸಿ, ಲಿಂಬೆರಸ ಹಿಂಡಿದರೆ ಮೆಕ್ಸಿಕೊದ ಹಸಿ ಸಾಲ್ಸಾ ಸಿದ್ಧ. ಇದಕ್ಕೆ ಒಲೆ ಹಚ್ಚಬೇಕಿಲ್ಲ, ಒಗ್ಗರಣೆಯೂ ಬೇಡ. ನಮ್ಮ ಕೋಸಂಬರಿಗೂ ಹಸಿ ಗೊಜ್ಜಿಗೂ ನಡುವಿನ ಪದಾರ್ಥ ಇದು ಎನ್ನಬಹುದು. ಬೇಸಿಗೆಯಲ್ಲಿ ನೆಂಟರಿಷ್ಟರು ಸೇರುವ ಮನೆಗಳಲ್ಲಿ ಮೆಕ್ಕೆಜೋಳದ ರೊಟ್ಟಿಯ ಜೊತೆಗೆ ಇದರ ಬಟ್ಟಲು ಇದ್ದೇ ಇರುತ್ತದೆ. 'ಹುಂಜದ ಕೊಕ್ಕು' ಎಂಬ ಅರ್ಥದ 'ಪೀಕೊ ದೆ ಗಾಯೊ' ಇದರ ಒಂದು ಹೆಸರು. ಇನ್ನೊಂದು ಹೆಸರು 'ಸಾಲ್ಸಾ ಮೆಹಿಕಾನಾ'. ಇದರ ಹಸಿರು, ಬಿಳಿ, ಕೆಂಪು ಬಣ್ಣಗಳು ಆ ದೇಶದ ಧ್ವಜದ ಬಣ್ಣಗಳೇ ಆಗಿವೆ. ಆದರೆ ಈ ಬಣ್ಣಗಳಲ್ಲಿ ಆ ನೆಲದ್ದು ಎಷ್ಟು, ಹೊರಗಿನಿಂದ ಬಂದದ್ದು ಎಷ್ಟು ಎಂದು ಹುಡುಕಹೊರಟರೆ ಒಂದು ಸಾಮ್ರಾಜ್ಯದ ಪತನದ ಕಥೆಯೇ ಎದುರಾಗುತ್ತದೆ.

ಟೊಮೆಟೊದ ಕಾಡು ಪೂರ್ವಜರು ಇಂದಿನ ಪೆರು, ಎಕ್ವಡಾರ್ ಪ್ರದೇಶಕ್ಕೆ ಸೇರಿದವು. ಅದನ್ನು ದೊಡ್ಡ ಹಣ್ಣಿನ ಬೆಳೆಯಾಗಿ ರೂಢಿಸಿದವರು ಮೆಕ್ಸಿಕೊದ ರೈತರು. ಅಜ್ಟೆಕ್ ಜನರ ನಾವಾಟಲ್ ಭಾಷೆಯಲ್ಲಿ ಕೆಂಪು ಹಣ್ಣಿಗೆ 'ಶಿಟೊಮಾಟ್ಲ್' ಎಂದೂ ಸಿಪ್ಪೆಯೊಳಗೆ ಅಡಗಿರುವ ಹುಳಿ ಕಾಯಿಗೆ 'ಟೊಮಾಟ್ಲ್' ಎಂದೂ ಹೆಸರಿತ್ತು. ನಾವು ಇಂದು ಆಡುವ 'ಟೊಮೆಟೊ' ಎಂಬ ಮಾತಿನ ಮೂಲ ಇದೇ. ಮೆಣಸಿನಕಾಯಿಯಂತೂ ಅಲ್ಲಿ ಸಾವಿರಾರು ವರ್ಷಗಳಿಂದ ಬೆಳೆದು ಬಂದಿದೆ.

ಅಜ್ಟೆಕ್ ಸಂತೆಗಳ ಚಿತ್ರ ನಮಗೆ ಸಿಗುವುದು ಬರ್ನಾರ್ಡಿನೊ ದೆ ಸಹಗೂನ್ ಎಂಬ ಸ್ಪೇನಿನ ಪಾದ್ರಿಯಿಂದ. 1529ರಲ್ಲಿ ಮೆಕ್ಸಿಕೊಗೆ ಬಂದ ಆತ, ಸ್ಥಳೀಯ ವಿದ್ವಾಂಸರ ನೆರವಿನಿಂದ 12 ಸಂಪುಟಗಳ ಬೃಹತ್ ಗ್ರಂಥವನ್ನು ಸಿದ್ಧಪಡಿಸಿದ. ಅದರ ಹಸ್ತಪ್ರತಿ ಈಗ ಇಟಲಿಯ ಫ್ಲಾರೆನ್ಸ್‌ನಲ್ಲಿದೆ. ಟೊಮೆಟೊ ಮಾರುವವನ ಬಳಿ ದೊಡ್ಡದು, ಚಿಕ್ಕದು, ಹಳದಿ, ಕೆಂಪು ಹೀಗೆ ಎಷ್ಟೊಂದು ಬಗೆ ಇರುತ್ತಿದ್ದವೆಂದು ಅದರಲ್ಲಿ ವಿವರವಿದೆ. ಕೆಟ್ಟ ವ್ಯಾಪಾರಿ ಜಜ್ಜಿಹೋದ, ಹೊಟ್ಟೆ ಕೆಡಿಸುವ ಹಣ್ಣನ್ನು ಮಾರುತ್ತಾನೆಂಬ ದೂರೂ ಇದೆ. ಮೆಣಸಿನಕಾಯಿ, ಟೊಮೆಟೊ, ಕುಂಬಳ ಜಾತಿಯ ಬೀಜಗಳಿಂದ ತಯಾರಿಸಿದ ಖಾರದ ಗೊಜ್ಜುಗಳನ್ನೇ ಮಾರುವವರು ಸಂತೆಯಲ್ಲಿ ಬೇರೆ ಇದ್ದರು. ಅಂದರೆ ಸ್ಪೇನಿನವರು ಬರುವ ಮೊದಲೇ ಸಾಲ್ಸಾದ ತಿರುಳು ಸಿದ್ಧವಾಗಿತ್ತು.

ಇದೇ ಪದಾರ್ಥಗಳು ಒಂದು ಘೋರ ಘಟನೆಯ ವರ್ಣನೆಯಲ್ಲೂ ಬರುತ್ತವೆ. 1519ರಲ್ಲಿ ಹೆರ್ನಾನ್ ಕೊರ್ಟೆಸ್‌ನ ಪಡೆ ಚೊಲೂಲಾ ನಗರದಲ್ಲಿ ಭಾರಿ ನರಮೇಧ ನಡೆಸಿತು. ಆ ಪಡೆಯಲ್ಲಿದ್ದ ಬೆರ್ನಾಲ್ ಡಿಯಾಸ್ ಎಂಬ ಸೈನಿಕ ದಶಕಗಳ ನಂತರ ಬರೆದ ಇತಿಹಾಸದಲ್ಲಿ, ತಮ್ಮನ್ನು ಕೊಂದು ತಿನ್ನಲೆಂದು ನಗರದವರು ಉಪ್ಪು, ಮೆಣಸಿನಕಾಯಿ, ಟೊಮೆಟೊ ಹಾಕಿದ ಮಡಕೆಗಳನ್ನು ಸಜ್ಜುಗೊಳಿಸಿದ್ದರು ಎಂದು ಹೇಳುತ್ತಾನೆ. ಇದು ಗೆದ್ದವನ ಕಡೆಯ ಸಾಕ್ಷ್ಯ. ಕೊಲೆಗೆ ಕೊಟ್ಟ ಸಮರ್ಥನೆ. ಸತ್ತವರ ಕಡೆಯ ಉತ್ತರವನ್ನು ಆತ ಬರೆದಿಲ್ಲ.

1521ರಲ್ಲಿ ಅಜ್ಟೆಕ್ ರಾಜಧಾನಿ ಟೆನೊಚ್ಟಿಟ್ಲಾನ್ ಬಿದ್ದಿತು. ಯುದ್ಧ, ಸಿಡುಬು ಮತ್ತು ಅನಂತರದ ಸಾಂಕ್ರಾಮಿಕ ರೋಗಗಳಿಂದ ಒಂದು ಶತಮಾನದೊಳಗೆ ಮೂಲನಿವಾಸಿಗಳಲ್ಲಿ ಬಹುಪಾಲು ಜನ ಅಳಿದರು. ಅದೇ ಕಾಲದಲ್ಲಿ ಸ್ಪೇನಿನ ಹಡಗುಗಳಲ್ಲಿ ಗಡ್ಡೆ ಈರುಳ್ಳಿ, ಕೊತ್ತಂಬರಿ, ಲಿಂಬೆ ಆ ಖಂಡಕ್ಕೆ ಬಂದವು. ಸಾಲ್ಸಾ ಎಂಬ ಹೆಸರೂ ಸ್ಪೇನಿನದೇ. 'ಉಪ್ಪು ಹಾಕಿದ್ದು' ಎಂಬ ಅರ್ಥದ ಲ್ಯಾಟಿನ್ ಪದದಿಂದ ಹುಟ್ಟಿದ್ದು. ಹೀಗೆ ಧ್ವಜದ ಕೆಂಪು ಆ ನೆಲದ್ದು, ಬಿಳಿ ಗೆದ್ದವರು ತಂದದ್ದು. ಹಸಿರಿನಲ್ಲಿ ಮೆಣಸಿನಕಾಯಿ ಸ್ಥಳೀಯ, ಕೊತ್ತಂಬರಿ ಪರದೇಶಿ.

ಪ್ರಯಾಣ ಒಂದೇ ದಿಕ್ಕಿನದಾಗಿರಲಿಲ್ಲ. ಟೊಮೆಟೊ ಅಟ್ಲಾಂಟಿಕ್ ದಾಟಿ ಯೂರೋಪಿಗೆ ಹೋಯಿತು. ಸ್ಪೇನಿನ ಆಳ್ವಿಕೆಯಲ್ಲಿದ್ದ ನೇಪಲ್ಸ್‌ನಲ್ಲಿ ಆಂಟೋನಿಯೊ ಲಾಟಿನಿ 1690ರ ದಶಕದಲ್ಲಿ ಪ್ರಕಟಿಸಿದ ಪಾಕಗ್ರಂಥದಲ್ಲಿ 'ಸ್ಪೇನಿನ ಶೈಲಿಯ' ಟೊಮೆಟೊ ಸಾಸ್ ಒಂದಿದೆ. ಕೆಂಡದ ಮೇಲೆ ಸುಟ್ಟ ಟೊಮೆಟೊ, ಹೆಚ್ಚಿದ ಈರುಳ್ಳಿ, ಮೆಣಸಿನಕಾಯಿ, ಉಪ್ಪು, ಎಣ್ಣೆ, ವಿನೆಗರ್ ಅದಕ್ಕೆ ಬೇಕು. ಇಂದಿನ ಸಾಲ್ಸಾಕ್ಕೆ ಅದು ಹತ್ತಿರದ ನೆಂಟ. ಆದರೆ ಶೀರ್ಷಿಕೆಯಲ್ಲಿ ಮೆಕ್ಸಿಕೊದ ಹೆಸರಿರಲಿಲ್ಲ.

ತಾಯ್ನೆಲದಲ್ಲೂ ಈ ಊಟಕ್ಕೆ ಮರ್ಯಾದೆ ಸುಲಭವಾಗಿ ಸಿಗಲಿಲ್ಲ. ಗೋಧಿಯ ಬ್ರೆಡ್ ಉಳ್ಳವರ ಅಂತಸ್ತಿನ ಗುರುತಾಯಿತು; ಮೆಕ್ಕೆಜೋಳದ ರೊಟ್ಟಿ, ಖಾರದ ಗೊಜ್ಜು ಬಡವರ ಪಾಲಿಗೆ ಉಳಿದವು. 1899ರಲ್ಲಿ ಫ್ರಾನ್ಸಿಸ್ಕೊ ಬುಲ್ನೆಸ್ ಎಂಬ ರಾಜಕಾರಣಿ ಮನುಕುಲವನ್ನು ಗೋಧಿ, ಅಕ್ಕಿ, ಮೆಕ್ಕೆಜೋಳ ತಿನ್ನುವವರೆಂದು ವಿಂಗಡಿಸಿ, ಮೂಲನಿವಾಸಿಗಳ ಹಿಂದುಳಿದಿರುವಿಕೆಗೆ ಮೆಕ್ಕೆಜೋಳವೇ ಕಾರಣವೆಂದು ವಾದಿಸಿದ. 1910ರಲ್ಲಿ ಆರಂಭವಾದ ಕ್ರಾಂತಿಯ ನಂತರವಷ್ಟೇ ಈ ದೃಷ್ಟಿ ನಿಧಾನವಾಗಿ ಬದಲಾಯಿತು. 2010ರಲ್ಲಿ ಯುನೆಸ್ಕೊ ಮೆಕ್ಸಿಕೊದ ಸಾಂಪ್ರದಾಯಿಕ ಪಾಕಪದ್ಧತಿಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ನಡುವೆ ನೆರೆಯ ಅಮೆರಿಕದಲ್ಲಿ ಸಾಲ್ಸಾ ದೊಡ್ಡ ವ್ಯಾಪಾರವಾಗಿತ್ತು. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಡೇವಿಡ್ ಪೇಸ್ 1947ರಲ್ಲಿ ಬಾಟಲಿಗೆ ತುಂಬಿ ಮಾರತೊಡಗಿದ. 1991ರ ಹೊತ್ತಿಗೆ ಅಲ್ಲಿ ಮಾರಾಟದ ಹಣದ ಲೆಕ್ಕದಲ್ಲಿ ಸಾಲ್ಸಾ ಕೆಚಪ್ಪನ್ನೂ ಹಿಂದಿಕ್ಕಿತು.

ಆದರೆ ಬಾಟಲಿಯದು ಕೆಡದಂತೆ ಕಾಯಿಸಿದ ಸಾಲ್ಸಾ. ಹಸಿಯದರ ಸೊಗಸು ಮನೆಯಲ್ಲೇ ಉಳಿದಿದೆ. ಚೆನ್ನಾಗಿ ಹಣ್ಣಾದರೂ ಗಟ್ಟಿಯಾಗಿರುವ ಟೊಮೆಟೊ ಇದಕ್ಕೆ ಲೇಸು. ಉಪ್ಪು ಹಣ್ಣಿನ ನೀರನ್ನು ಹೊರಗೆಳೆಯುವುದರಿಂದ ಬಡಿಸುವ ಸ್ವಲ್ಪ ಮೊದಲು ಬೆರೆಸಿದರೆ ಸಾಕು. ಮೆಣಸಿನಕಾಯಿಯ ಖಾರ ಹೆಚ್ಚಾಗಿ ಇರುವುದು ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಅದನ್ನು ತೆಗೆದರೆ ಮಕ್ಕಳೂ ತಿನ್ನಬಹುದು. ಬೇಸಿಗೆಯ ಸೆಕೆಯಲ್ಲಿ ಒಂದೆರಡು ಗಂಟೆಗಿಂತ ಹೆಚ್ಚು ಹೊರಗಿಡುವುದು ಸಲ್ಲದು. ಅರೆದ ಸಾಲ್ಸಾ ಬೇಕೆನ್ನುವವರು ಈಗಲೂ ಮೂರು ಕಾಲಿನ ಕಪ್ಪು ಕಲ್ಲಿನ ಒರಳು 'ಮೊಲ್ಕಾಹೇತೆ'ಯನ್ನೇ ಹುಡುಕುತ್ತಾರೆ. ಹೊಸ ಒರಳಿನಲ್ಲಿ ಮೊದಲು ಅಕ್ಕಿ ಅರೆದು ಕಲ್ಲಿನ ಪುಡಿ ತೆಗೆಯುವುದು ಅಲ್ಲಿನ ವಾಡಿಕೆ.

ಕನ್ನಡ ನಾಡಿಗೂ ಈ ಕಥೆಗೂ ನಂಟಿದೆ. ಪೋರ್ಚುಗೀಸರ ಹಡಗುಗಳಲ್ಲಿ ಭಾರತಕ್ಕೆ ಬಂದ ಹೊಸ ಖಾರಕ್ಕೆ ಕನ್ನಡಿಗರು ತಮ್ಮ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು 'ಮೆಣಸಿನಕಾಯಿ' ಎಂದರು. ಸ್ಪೇನಿನವರೂ ಅದನ್ನು ಕಾಳುಮೆಣಸಿನ ಹೆಸರಿನಿಂದಲೇ ಕರೆದಿದ್ದರು. ಇತ್ತ ಏಷ್ಯಾದಲ್ಲಿ ಹುಟ್ಟಿ, ಅರಬರ ಕೈಸೇರಿ, ಸ್ಪೇನ್ ಮುಟ್ಟಿ, ಮೆಕ್ಸಿಕೊದಲ್ಲಿ ನೆಲೆನಿಂತ ಲಿಂಬೆ ನಮ್ಮ ಹಿತ್ತಲಿನ ಲಿಂಬೆಯ ಜಾತಿಯದೇ. ಅದಿಲ್ಲದ ಸಾಲ್ಸಾವನ್ನು ಇಂದು ಮೆಕ್ಸಿಕೊದವರೇ ಒಪ್ಪಲಾರರು. ಗೆದ್ದವರ ಈರುಳ್ಳಿ, ಸೋತವರ ಟೊಮೆಟೊ ಐನೂರು ವರ್ಷಗಳಲ್ಲಿ ಬೇರ್ಪಡಿಸಲಾಗದಷ್ಟು ಬೆರೆತಿವೆ. ಆ ಬೆರಕೆಗೆ ತೆತ್ತ ಬೆಲೆ ಏನೆಂಬುದು ಮಾತ್ರ ಬಟ್ಟಲಿನಲ್ಲಿ ಕಾಣುವುದಿಲ್ಲ.