ಪುಣೆಯ ತೀರ್ಮಾನ, ಬಸವಕಲ್ಯಾಣದ ಕೆಲಸ

ಕಳೆದ ವರ್ಷ ಹುಮನಾಬಾದಿನಲ್ಲಿ ನಡೆದ ಒಂದು ತರಬೇತಿಗೆ ಹೋಗಿದ್ದೆ. ವಿಷಯ, ಉದ್ಯಮದಲ್ಲಿ ಬದಲಾವಣೆಯ ನಿರ್ವಹಣೆ. ಪಾಠ ಮಾಡಿದವರು ಕರ್ಟ್ ಲೆವಿನ್ 1947ರಲ್ಲಿ ಬರೆದ ಪ್ರಬಂಧದಿಂದ ಹೊರಟು, ಜಾನ್ ಕಾಟರ್ 1996ರಲ್ಲಿ ಹೇಳಿದ ಎಂಟು ಹೆಜ್ಜೆಗಳನ್ನು ವಿವರಿಸಿ, ಅಲ್ಲಿಂದ ನೇರ ಸಾಫ್ಟ್‌ವೇರ್ ಕಂಪನಿಗಳಿಗೆ ಬಂದರು. ಕರ್ನಾಟಕದ ಒಂದು ಲೇತಿನ ಹೆಸರೂ ಬರಲಿಲ್ಲ. ಅರ್ಧ ಗಂಟೆಯ ದಾರಿಯಲ್ಲಿರುವ, ಲಾರಿಗಳಿಗೆ ಬಾಡಿ ಕಟ್ಟುವ ಬಸವಕಲ್ಯಾಣದ ಆಟೋನಗರದ ಮಾತಂತೂ ಇಲ್ಲವೇ ಇಲ್ಲ. ಎಂಜಿನಿಯರಿಂಗ್ ಕಾರ್ಖಾನೆಗಳಿಗೆ ಮಾಲು ಒದಗಿಸುವವರ ನಡುವೆ ಮೂವತ್ತು ವರ್ಷ ಕಳೆದ ನನಗೆ ಅದು ಸಹಿಸಲಾಗದ ಲೋಪ ಅನ್ನಿಸಿತು. ಈ ಲೇಖನ ಆ ದಿನವೇ ಮನಸ್ಸಿನಲ್ಲಿ ಶುರುವಾಯಿತು.

ನಮ್ಮಲ್ಲಿ ಬದಲಾವಣೆಯ ಕಥೆ ಹಳೆಯದು. ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಮುಂದೆ ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಗಿದರೆ ಹೊಲಕ್ಕೆ ವಿಷವೇರುತ್ತದೆ ಎಂದು ರೈತರು ಹೆದರಿದರು. ಆ ಹೆದರಿಕೆ ಕಳೆಯುವವರೆಗೆ ಕಾದರು, ನೇಗಿಲನ್ನು ತಿದ್ದಿದರು. 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. 1941ರಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್, 1953ರಲ್ಲಿ ಬೆಂಗಳೂರಿನ ಎಚ್‌ಎಂಟಿ. ಅರವತ್ತರ ದಶಕದ ಕೊನೆಯಲ್ಲಿ ಲೇತಿನಂಥ ಯಂತ್ರಗಳನ್ನು ಕೊಳ್ಳುವವರು ಕಡಿಮೆಯಾದಾಗ ಎಚ್‌ಎಂಟಿ ಟ್ರ್ಯಾಕ್ಟರ್, ಮುದ್ರಣ ಯಂತ್ರಗಳ ಕಡೆಗೆ ಕೈ ಚಾಚಿತು. 1961ರಲ್ಲೇ ಜಪಾನಿನ ಸಿಟಿಜನ್ ಜೊತೆ ಕೈಗಡಿಯಾರ ಶುರುಮಾಡಿತ್ತು.

ಎಚ್‌ಎಂಟಿ ನಿದ್ದೆ ಹೋಯಿತು, ಟೈಟನ್ ಗೆದ್ದಿತು ಎಂದು ಈಗ ಎಲ್ಲರೂ ಸಲೀಸಾಗಿ ಹೇಳುತ್ತಾರೆ. ಅದು ಸರಿಯಲ್ಲ. 1984ರಲ್ಲಿ ಟೈಟನ್ ಹುಟ್ಟುವ ಮೊದಲೇ ಎಚ್‌ಎಂಟಿ ಕ್ವಾರ್ಟ್ಜ್ ಗಡಿಯಾರ ಮಾಡಿತ್ತು. ಆದರೆ ಕಾರ್ಖಾನೆಗಳು, ಯಂತ್ರಗಳು, ಸಾವಿರಾರು ಜನರ ಕೈಚಳಕ ಎಲ್ಲವೂ ಕೀಲಿ ಕೊಡುವ ಗಡಿಯಾರಕ್ಕೆ ಹೊಂದಿಕೊಂಡಿದ್ದವು. ಹೊಸದು ಗೊತ್ತಿದ್ದೂ ಹಳೆಯ ಭಾರವನ್ನು ಇಳಿಸಲಾಗಲಿಲ್ಲ. 2016ರ ಜನವರಿಯಲ್ಲಿ ಗಡಿಯಾರ ಕಂಪನಿ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಗೊತ್ತಿರುವುದು ಬೇರೆ, ಗೊತ್ತಿದ್ದುದನ್ನು ಮಾಡಲಾಗುವುದು ಬೇರೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಉದಾಹರಣೆ ನನಗೆ ಕಂಡಿಲ್ಲ.

ನನ್ನ ತಲೆಮಾರು ಕೆಲಸಕ್ಕೆ ಸೇರಿದ್ದು ಎಂಬತ್ತರ ದಶಕದಲ್ಲಿ, ಜಪಾನಿನ ಸಣ್ಣ ಲಾರಿಗಳು ಬಂದ ಕಾಲದಲ್ಲಿ. ಹುಮನಾಬಾದಿನಿಂದ ಹೈದರಾಬಾದಿನ ಕಡೆಗೆ ಗಡಿ ದಾಟಿದರೆ ಜಹೀರಾಬಾದ್. ಅಲ್ಲಿ ಆಲ್ವಿನ್ ನಿಸಾನ್ ಕಾರ್ಖಾನೆ ಬಂತು. ಮುಂದೆ ಅದು ಮಹೀಂದ್ರಾ ಕೈಸೇರಿತು. ಹೀಗೆ ಬಂದ ನಾಲ್ಕು ಜಪಾನಿ ಹೆಸರುಗಳ ಎದುರು ಟಾಟಾದ ಟೆಲ್ಕೊ 1986ರಲ್ಲಿ 407 ಎಂಬ ಗಾಡಿಯನ್ನು ತನ್ನದೇ ವಿನ್ಯಾಸದಲ್ಲಿ ಇಳಿಸಿತು. ನಮ್ಮ ರಸ್ತೆ, ನಮ್ಮ ಹೊರೆ, ನಮ್ಮ ಡ್ರೈವರುಗಳನ್ನು ಬಲ್ಲವರ ಗಾಡಿ ಅದು. ಬೀದರ್ ಜಿಲ್ಲೆಯ ಸಂತೆಗಳಲ್ಲಿ ಅದು ಇಂದಿಗೂ ಓಡುತ್ತಿದೆ. ನಮ್ಮ ಕಾಲದ ಎಂಜಿನಿಯರುಗಳಿಗೆ ಅದು ಕೊಟ್ಟ ಧೈರ್ಯ ದೊಡ್ಡದು. ಗುಣಮಟ್ಟದ ಗುಂಪುಗಳು, ಅಳತೆಯ ಶಿಸ್ತು, ಮಾಲು ಬೇಕಾದ ಹೊತ್ತಿಗೆ ಬೇಕಾದಷ್ಟೇ ತರಿಸುವ ಪದ್ಧತಿ, ಇವೆಲ್ಲ ಪುಸ್ತಕಕ್ಕಿಂತ ಮೊದಲು ಶಾಪ್‌ಫ್ಲೋರಿನಲ್ಲೇ ನಮಗೆ ಸಿಕ್ಕವು.

2000-01ರಲ್ಲಿ ಟೆಲ್ಕೊ 500 ಕೋಟಿ ರೂಪಾಯಿ ನಷ್ಟ ಕಂಡಿತು. ಆ ಪೆಟ್ಟಿನಿಂದ ಎದ್ದ ಬಗೆ ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಪಾಠವಾಗಿದೆ: ವೆಚ್ಚ ಇಳಿಸಿದ್ದು, 2004ರಲ್ಲಿ ಕೊರಿಯಾದ ದೇವೂ ಲಾರಿ ಕಂಪನಿ ಕೊಂಡದ್ದು, 2005ರಲ್ಲಿ ಏಸ್ ಎಂಬ ಸಣ್ಣ ಗಾಡಿ ತಂದದ್ದು. ಎಲ್ಲವೂ ನಿಜ, ಎಲ್ಲವೂ ಮೆಚ್ಚತಕ್ಕದ್ದು. ಆದರೆ ಆ ಪಾಠ ಕಾರ್ಖಾನೆಯ ಗೇಟಿನಲ್ಲೇ ಮುಗಿಯುತ್ತದೆ. ನನ್ನ ತಕರಾರು ಅಲ್ಲಿಂದ ಶುರು.

ಪುಣೆ–ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯಲ್ಲಿ ಸಸ್ತಾಪುರ ಬಂಗ್ಲಾ ಇದೆ. ಬಸವಕಲ್ಯಾಣಕ್ಕೆ ತಿರುಗುವ ದಾರಿ ಅಲ್ಲೇ. ಟಾಟಾದ ಪುಣೆ ಕಾರ್ಖಾನೆಯ ಚಾಸಿಗಳೂ ಇದೇ ಹೆದ್ದಾರಿ ಹಿಡಿದು ಬರುತ್ತವೆ. ಬರೀ ಎಂಜಿನ್, ಚೌಕಟ್ಟು, ಚಕ್ರ. ತಲೆಗೆ ಬಟ್ಟೆ ಸುತ್ತಿಕೊಂಡು ಬಯಲಲ್ಲಿ ಕೂತ ಡ್ರೈವರ್. ಆ ಚಾಸಿಯನ್ನು ಲಾರಿ ಮಾಡುವುದು ಆಟೋನಗರದ ಕೆಲಸ. ಉಸ್ತಾದ್ ಅಳತೆ ಹಾಕುತ್ತಾನೆ. ಬಡಗಿ, ವೆಲ್ಡರ್, ತಗಡಿನವರು, ವೈರಿಂಗಿನವರು, ಸೀಟು ಹೊಲಿಯುವವರು, ಕೊನೆಗೆ ಪೇಂಟರ್. ಒಬ್ಬೊಬ್ಬರದು ಒಂದೊಂದು ತಂಡ, ಒಂದೊಂದು ದರ. ಕಬ್ಬಿಗೆ ಒಂದು ಬಗೆಯ ಡಾಲಾ (ಮಾಲು ತುಂಬುವ ತೊಟ್ಟಿ), ಸಿಮೆಂಟಿಗೆ ಇನ್ನೊಂದು, ತೊಗರಿ ಚೀಲಕ್ಕೆ ಮತ್ತೊಂದು. ಲಾರಿ ಮಾಲೀಕ ಯಾವ ಘಾಟಿನಲ್ಲಿ ಓಡಿಸುತ್ತಾನೆ, ಯಾವ ಮಾಲು ಹಾಕುತ್ತಾನೆ ಎಂದು ಕೇಳಿಕೊಂಡೇ ಕಬ್ಬಿಣ ಕತ್ತರಿಸುವುದು. ಗ್ರಾಹಕನ ಅಗತ್ಯ ತಿಳಿಯುವುದು ಎಂದು ತರಬೇತಿಯಲ್ಲಿ ಹೇಳುತ್ತಾರಲ್ಲ, ಅದು ಇಲ್ಲಿ ಮೊದಲ ದಿನದ ಮೊದಲ ಮಾತು.

ಮರದ ಬಾಡಿ ಹೋಗಿ ಕಬ್ಬಿಣದ ಬಾಡಿ ಬಂದಾಗ ಈ ಜನ ತಾವೇ ಕಲಿತರು. ಅದಕ್ಕೆ ಯಾವ ಸಲಹೆಗಾರರೂ ಬಂದಿರಲಿಲ್ಲ. ಮುಂದಿನ ಬದಲಾವಣೆ ಬೇರೆ ಜಾತಿಯದು. ಏಸ್ ಗಾಡಿ ಕ್ಯಾಬಿನ್ ಸಮೇತ, ಡಾಲಾ ಸಮೇತ ಕಾರ್ಖಾನೆಯಿಂದಲೇ ಹೊರಬಂತು; ಬಂಗ್ಲಾದಲ್ಲಿ ನಿಲ್ಲುವ ಕಾರಣವೇ ಅದಕ್ಕಿರಲಿಲ್ಲ. ಬಸ್ಸುಗಳಿಗೆ ಟಾಟಾ ಮತ್ತು ಬ್ರೆಜಿಲಿನ ಮಾರ್ಕೊಪೊಲೊ 2006ರಲ್ಲಿ ಕೈಜೋಡಿಸಿದವು, ಧಾರವಾಡದಲ್ಲಿ ಕಾರ್ಖಾನೆ ಬಂತು. ದೊಡ್ಡ ಲಾರಿಗಳಿಗೂ ಕಾರ್ಖಾನೆಯ ಕ್ಯಾಬಿನ್ ಬಂತು, ಟಿಪ್ಪರುಗಳು ಪೂರ್ತಿ ಸಿದ್ಧವಾಗಿ ಬರತೊಡಗಿದವು. ಕಂಪನಿಗೆ ಇದರಲ್ಲಿ ಲಾಭವಿದೆ: ಬಾಡಿಯ ಬೆಲೆಯೂ ತನ್ನದೇ ಖಾತೆಗೆ. ಮಾಲೀಕನಿಗೂ ಲೆಕ್ಕ ಸರಿಹೋಗುತ್ತದೆ. ಚಾಸಿ ಕೊಂಡ ದಿನದಿಂದ ಸಾಲದ ಕಂತು ಓಡುತ್ತದೆ. ಗಾಡಿ ಯಾರ್ಡಿನಲ್ಲಿ ನಿಂತ ಒಂದೊಂದು ದಿನವೂ ದುಡಿಮೆಯಿಲ್ಲದ ದಿನ.

ಇದರ ಜೊತೆಗೆ ನಿಯಮಗಳು. ಲಾರಿ ಕ್ಯಾಬಿನ್ ಮತ್ತು ಬಾಡಿಗೆ ವಾಹನ ಉದ್ಯಮದ ಮಾನದಂಡ ಎಐಎಸ್-093, ಬಸ್ಸಿಗೆ ಎಐಎಸ್-052. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿ ಏರಿಸಿತು. ಮೂರು ಆಕ್ಸಲ್ಲಿನ ಲಾರಿಯ ಒಟ್ಟು ತೂಕ 25 ಟನ್ನಿನಿಂದ 28.5 ಟನ್ನಿಗೆ ಹೋಯಿತು. ಇದ್ದ ಲಾರಿಯೇ ಹೆಚ್ಚು ಹೊರುವಾಗ ಹೊಸ ಲಾರಿ ಯಾರು ಕೊಳ್ಳುತ್ತಾರೆ? ಮರುವರ್ಷ ದೇಶದಲ್ಲೆಲ್ಲ ಲಾರಿ ಮಾರಾಟ ಕುಸಿದದ್ದಕ್ಕೆ ಇದೂ ಒಂದು ಕಾರಣ. 2020ರ ಏಪ್ರಿಲಿನಿಂದ ಬಿಎಸ್-6 ಹೊಗೆ ನಿಯಮ, ಗಾಡಿಯ ಬೆಲೆ ಏರಿತು. ಎಂಜಿನಿಯರ್ ಆಗಿ ಈ ನಿಯಮಗಳನ್ನು ನಾನು ವಿರೋಧಿಸುವುದಿಲ್ಲ. 2025ರ ಅಕ್ಟೋಬರ್ 1ರ ನಂತರ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಏಸಿ ಕಡ್ಡಾಯ. ಮೇ ತಿಂಗಳಲ್ಲಿ ನಮ್ಮ ಹೆದ್ದಾರಿಯಲ್ಲಿ ಬೇಯುವ ಡ್ರೈವರಿಗೆ ಅದು ಎಂದೋ ಸಿಗಬೇಕಿತ್ತು.

ನನ್ನ ಪ್ರಶ್ನೆ ಬೇರೆ. ದೊಡ್ಡ ಕಂಪನಿ ದಾರಿ ಬದಲಿಸುವಾಗ ತನ್ನ ಕಾರ್ಮಿಕರಿಗೆ ತರಬೇತಿ ಕೊಡುತ್ತದೆ, ಯೂನಿಯನ್ ಜೊತೆ ಕೂರುತ್ತದೆ. ಬಿಡದಿಯ ಟೊಯೊಟಾ 2007ರಲ್ಲಿ ತರಬೇತಿ ಸಂಸ್ಥೆಯನ್ನೇ ತೆರೆದು ಹಳ್ಳಿಯ ಹುಡುಗರನ್ನು ಮೂರು ವರ್ಷ ಕಲಿಸಿ ತಯಾರು ಮಾಡಿತು. ಕಂಪನಿಯ ಪಟ್ಟಿಯಲ್ಲಿಲ್ಲದ, ಆದರೆ ಅದರ ಚಾಸಿಯ ಮೇಲೇ ಬದುಕು ಕಟ್ಟಿಕೊಂಡ ಬಸವಕಲ್ಯಾಣದ ವೆಲ್ಡರಿಗೆ ಹೊಸ ನಕ್ಷೆ ಓದಲು ಕಲಿಸುವವರು ಯಾರು? ಬಾಡಿಯ ಮಾದರಿಯನ್ನು ಪರೀಕ್ಷಿಸುವ ಎಆರ್‌ಎಐ ಇರುವುದು ಪುಣೆಯಲ್ಲಿ, ಅದೇ ಹೆದ್ದಾರಿಯ ಆ ತುದಿಯಲ್ಲಿ. ಒಬ್ಬೊಬ್ಬ ಯಾರ್ಡ್ ಮಾಲೀಕ ಪ್ರತ್ಯೇಕವಾಗಿ ಆ ಪರೀಕ್ಷೆಯ ಖರ್ಚು ಹೊರಲಾರ. ಹತ್ತು ಯಾರ್ಡ್ ಸೇರಿ ಒಂದೇ ನಕ್ಷೆಗೆ ಒಪ್ಪಿಗೆ ಪಡೆದರೆ ಹೊರಬಹುದು.

ನಮ್ಮ ಭಾಗದ ಅಭಿವೃದ್ಧಿಯ ಮಾತು ಬಹಳ ನಡೆದಿದೆ: ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರ ನಂಜುಂಡಪ್ಪ ವರದಿ ರಾಜ್ಯದ 114 ತಾಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು, ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂತು, 2017ರಲ್ಲಿ ಹುಮನಾಬಾದಿನ ಮೇಲೆ ಬೀದರ್–ಕಲಬುರಗಿ ರೈಲೂ ಬಂತು. ಹೊಸ ಕಾರ್ಖಾನೆ ತರುವ ಮಾತು ಪ್ರತಿ ಸಭೆಯಲ್ಲೂ ಕೇಳುತ್ತೇನೆ. ಇರುವ ಕೆಲಸದ ದಾಖಲೆ ಮಾತ್ರ ನಾನು ಓದಿದ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ: ಡಾಲಾದ ಅಡಿಯಲ್ಲಿ ಎಷ್ಟು ಅಡ್ಡಪಟ್ಟಿ, ಎಷ್ಟು ಅಂತರದಲ್ಲಿ, ಯಾವ ಮಾಲಿಗೆ ಎಷ್ಟು ದಪ್ಪದ ತಗಡು ಎಂಬ ಲೆಕ್ಕ ಉಸ್ತಾದರ ತಲೆಯಲ್ಲೇ ಇದೆ. ಬಸವಕಲ್ಯಾಣದಲ್ಲೇ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿಯ ಕೊನೆಯ ವರ್ಷದ ಹುಡುಗರು ಟೇಪು, ನೋಟ್‌ಬುಕ್ಕು ಹಿಡಿದು ಒಂದು ಸೆಮಿಸ್ಟರ್ ಆಟೋನಗರದಲ್ಲಿ ಕಳೆದರೆ ಮೊದಲ ನಕ್ಷೆ ಸಿದ್ಧವಾಗುತ್ತದೆ.